ಲೋಕದ ಕಾದಂಬರಿಯೂ ಕನ್ನಡದ ಓದುಗನೂ

ಕನ್ನಡ ನಾಡಿನ ವಿದ್ಯಾವಂತರಲ್ಲಿ ಒಂದು ಅಭಿಪ್ರಾಯ ಬಹುಕಾಲದಿಂದ ಬೇರೂರಿದೆ. ಅದನ್ನು ವಾದಿಸಿ ಸ್ಥಾಪಿಸುವ ಶ್ರಮವನ್ನು ಯಾರೂ ಕೈಕೊಂಡಂತೆ ಕಾಣದು; ಆದರೂ ವಾದಿಸಿ ಸ್ಥಾಪಿಸಿದ ಎಷ್ಟೋ ಸಿದ್ಧಾಂತಗಳಿಗಿಂತ ಹೆಚ್ಚಿನ ಅಧಿಕಾರವನ್ನು ಅದು ನಮ್ಮ ಓದಿನ ಮೇಲೆ ನಡೆಸುತ್ತಿದೆ. ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ, ಫ್ಲೊಬೇರ್, ಥಾಮಸ್ ಮಾನ್, ಗಾರ್ಸಿಯಾ ಮಾರ್ಕ್ವೆಜ್ ಮೊದಲಾದ ಮಹಾಲೇಖಕರ ಕಾದಂಬರಿಗಳನ್ನು ಓದಲು ಬಯಸುವವನು ಅವನ್ನು ಇಂಗ್ಲಿಷಿನಲ್ಲಿಯೇ ಓದತಕ್ಕದ್ದು; ಕನ್ನಡದ ಅನುವಾದವೆಂಬುದು ಇಂಗ್ಲಿಷ್ ಬಾರದವರ ಅನುಕೂಲಕ್ಕಾಗಿ ಏರ್ಪಟ್ಟ ಉಪಾಯವೇ ಹೊರತು ಸ್ವತಂತ್ರವಾದ ಗೌರವಕ್ಕೆ ಪಾತ್ರವಾದ ಸಾಹಿತ್ಯವಲ್ಲ; ಇದೇ ಆ ಅಭಿಪ್ರಾಯ. ಅಧ್ಯಾಪಕರು ಶಿಷ್ಯರಿಗೆ ಪುಸ್ತಕಗಳ ಹೆಸರು ಹೇಳುವಾಗ, ವಿಮರ್ಶಕರು ಪರದೇಶದ ಕೃತಿಯೊಂದನ್ನು ನಿದರ್ಶನಕ್ಕೆ ತರುವಾಗ, ತಂದೆತಾಯಿಗಳು ಮಕ್ಕಳಿಗೆ ಪುಸ್ತಕ ಕೊಳ್ಳುವಾಗ ಇದು ತಾನೇ ತಾನಾಗಿ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಒಳ್ಳೆಯ ಅನುವಾದವಿದ್ದಾಗಲೂ ಇಂಗ್ಲಿಷ್ ಶೀರ್ಷಿಕೆಯೇ ಉಚ್ಚಾರಣೆಗೆ ಬರುತ್ತದೆ. ಆ ಅನುವಾದದ ಇರವು ಕೂಡ ಸ್ಮರಣೆಗೆ ಬಾರದೆ ಹೋಗುತ್ತದೆ.

ಈ ಅಭಿಪ್ರಾಯವು ತಪ್ಪೆಂದೂ, ನಮ್ಮ ಭಾಷೆಗೂ ನಮ್ಮ ಓದುಗರಿಗೂ ಹಾನಿಕರವೆಂದೂ, ಅದನ್ನು ಬಿಡದೆ ಕನ್ನಡಕ್ಕೆ ವಿಶ್ವಸಾಹಿತ್ಯದಲ್ಲಿ ನಿಜವಾದ ಪಾಲುದಾರಿಕೆ ದೊರೆಯದೆಂದೂ ನನ್ನ ದೃಢವಾದ ನಂಬಿಕೆ. ಖಂಡನೆಗೆ ತೊಡಗುವವನು ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸಬೇಕಾದದ್ದು ನ್ಯಾಯ. ಆ ಪಕ್ಷದವರು ಕೊಡುವ ಕಾರಣಗಳು ನಾಲ್ಕು. ಇಂಗ್ಲಿಷ್ ಯೂರೋಪಿನ ಭಾಷೆಯಾದ ಕಾರಣ ಮೂಲಕ್ಕೆ ಹತ್ತಿರವಾದದ್ದು ಎಂಬುದು ಮೊದಲನೆಯದು. ಕನ್ನಡದ ಅನುವಾದಗಳು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬಂದವಾದುದರಿಂದ ಅವು ಛಾಯೆಯ ಛಾಯೆಗಳು ಎಂಬುದು ಎರಡನೆಯದು. ಅನ್ಯದೇಶದ ಜೀವನವನ್ನು ಚಿತ್ರಿಸಲು ಬೇಕಾದ ಸಾಮಗ್ರಿ ಕನ್ನಡದಲ್ಲಿಲ್ಲ, ರಷ್ಯದ ರಾಜಕುಮಾರನ ಬಾಯಲ್ಲಿ ಕನ್ನಡ ಕೃತಕವಾಗಿ ಕೇಳಿಸುತ್ತದೆ ಎಂಬುದು ಮೂರನೆಯದು. ಇಂಥ ಕೃತಿಗಳನ್ನು ಓದಬಯಸುವವರಿಗೆಲ್ಲ ಹೇಗೂ ಇಂಗ್ಲಿಷ್ ಬರುತ್ತದೆ, ಆದಕಾರಣ ಶ್ರಮ ವ್ಯರ್ಥ ಎಂಬುದು ನಾಲ್ಕನೆಯದು. ಇವನ್ನು ಕ್ರಮವಾಗಿ ಪರಿಶೀಲಿಸೋಣ.

ಮೊದಲನೆಯ ಕಾರಣದಲ್ಲಿ ಒಂದು ಭ್ರಮೆ ಅಡಗಿದೆ. ಡಿಕನ್ಸ್‌ನನ್ನೋ ಹಾರ್ಡಿಯನ್ನೋ ಇಂಗ್ಲಿಷಿನಲ್ಲಿ ಓದುವವನು ಮೂಲವನ್ನು ಓದುತ್ತಾನೆ. ಅದನ್ನು ಬಲ್ಲವನು ಹಾಗೆಯೇ ಓದಲಿ, ಅದರಲ್ಲಿ ವಿವಾದವಿಲ್ಲ. ಆದರೆ ಟಾಲ್‌ಸ್ಟಾಯ್ ಇಂಗ್ಲಿಷಿನಲ್ಲಿ ಬರೆದವನಲ್ಲ. ಇಂಗ್ಲಿಷ್ ಓದುವ ಲೋಕಕ್ಕೆ ರಷ್ಯದ ಕಾದಂಬರಿಯನ್ನು ತಂದುಕೊಟ್ಟ ಕೀರ್ತಿ ಬಹುಪಾಲು ಕಾನ್‌ಸ್ಟನ್ಸ್ ಗಾರ್ನೆಟ್ ಎಂಬ ಒಬ್ಬ ಮಹಿಳೆಗೆ ಸಲ್ಲತಕ್ಕದ್ದು. ಆಕೆ 1901ರಲ್ಲಿ ‘ಅನ್ನಾ ಕರೆನಿನಾ’ವನ್ನೂ 1904ರಲ್ಲಿ ‘ಯುದ್ಧ ಮತ್ತು ಶಾಂತಿ’ಯನ್ನೂ 1912ರಲ್ಲಿ ‘ಕರಮಜೋವ್ ಸಹೋದರರು’ ಕಾದಂಬರಿಯನ್ನೂ ಇಂಗ್ಲಿಷಿಗೆ ತಂದಳು. ಜೀವಮಾನದಲ್ಲಿ ಸುಮಾರು ಎಪ್ಪತ್ತು ಸಂಪುಟಗಳನ್ನು ಅನುವಾದಿಸಿದ ಆ ಪರಿಶ್ರಮಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಆಕೆಯ ಗದ್ಯದಲ್ಲಿ ಎಲ್ಲ ರಷ್ಯನ್ ಲೇಖಕರೂ ಒಂದೇ ಧ್ವನಿಯಲ್ಲಿ ಮಾತನಾಡುತ್ತಾರೆಂದು, ಟಾಲ್‌ಸ್ಟಾಯ್‌ಗೂ ದಾಸ್ತೊಯೆವ್‌ಸ್ಕಿಗೂ ಇರುವ ಅಂತರವೇ ಅಲ್ಲಿ ಅಳಿಸಿಹೋಗಿದೆಯೆಂದು ಆಕ್ಷೇಪಿಸಿದವರು ಸಾಮಾನ್ಯರಲ್ಲ. ರಷ್ಯನ್ ಮಾತೃಭಾಷೆಯಾಗಿದ್ದ ಕವಿ ಬ್ರಾಡ್‌ಸ್ಕಿಯಂಥವರು. ನಮ್ಮಲ್ಲಿ ಎರಡು ಮೂರು ತಲೆಮಾರುಗಳ ವಿದ್ವಾಂಸರು ಟಾಲ್‌ಸ್ಟಾಯ್‌ನ ಶೈಲಿಯೆಂದು ಮೆಚ್ಚಿ ಓದಿದ್ದರಲ್ಲಿ ಎಷ್ಟು ಪಾಲು ಟಾಲ್‌ಸ್ಟಾಯ್‌ನದು, ಎಷ್ಟು ಪಾಲು ಗಾರ್ನೆಟ್ಟಳದು ಎಂಬುದನ್ನು ಅವರು ಎಂದಾದರೂ ವಿಚಾರಿಸಿದ್ದುಂಟೆ? ಅನುವಾದವೊಂದನ್ನು ಮೂಲದ ಪೀಠದಲ್ಲಿ ಕುಳ್ಳಿರಿಸಿ, ಇನ್ನೊಂದು ಅನುವಾದವನ್ನು ಅನುವಾದವೆಂಬ ಒಂದೇ ಕಾರಣಕ್ಕೆ ಹೊರಗಿಡುವುದು ಯಾವ ನ್ಯಾಯ?

ಇಂಗ್ಲಿಷ್ ಅನುವಾದಗಳು ಮೂಲಕ್ಕೆ ಸದಾ ನಿಷ್ಠವಾಗಿವೆಯೆಂಬ ನಂಬಿಕೆಯನ್ನೂ ಚರಿತ್ರೆ ಸಮರ್ಥಿಸುವುದಿಲ್ಲ. ಎಮಿಲ್ ಝೋಲಾನ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಅಪರಾಧಕ್ಕಾಗಿ ಹೆನ್ರಿ ವಿಜೆಟೆಲಿ ಎಂಬ ಲಂಡನ್ನಿನ ಪ್ರಕಾಶಕ 1888ರಲ್ಲಿ ದಂಡ ತೆತ್ತು, 1889ರಲ್ಲಿ ಮೂರು ತಿಂಗಳು ಸೆರೆಮನೆಯಲ್ಲಿ ಕಳೆದನು. ಆ ಬಳಿಕ ಝೋಲಾ ಇಂಗ್ಲಿಷ್ ಓದುಗರಿಗೆ ದೊರೆತದ್ದು ಅಂಗಚ್ಛೇದಿತನಾಗಿ. ಇದು ವಿಕ್ಟೋರಿಯಾ ಕಾಲದ ಸಂಕೋಚವೆಂದು ತಳ್ಳಿಹಾಕುವವರು ಇತ್ತೀಚಿನ ಸಂಗತಿಗಳನ್ನು ನೋಡಬಹುದು. ಚೆಕ್ ಲೇಖಕ ಮಿಲಾನ್ ಕುಂದೇರಾನ ಮೊದಲ ಕಾದಂಬರಿ 1969ರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಭಾಗಗಳನ್ನು ಕತ್ತರಿಸಿ, ಅಧ್ಯಾಯಗಳ ಅನುಕ್ರಮವನ್ನೇ ಬದಲಿಸಿದ್ದರು. ಲೇಖಕನು ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು, ತನಗೆ ಪೂರ್ಣ ಸಮ್ಮತವಾದ ಇಂಗ್ಲಿಷ್ ಪಾಠಕ್ಕಾಗಿ 1992ರವರೆಗೆ ಕಾಯಬೇಕಾಯಿತು. ಜಪಾನಿನ ಹರುಕಿ ಮುರಾಕಮಿಯ ಮೂರು ಸಂಪುಟಗಳ ದೊಡ್ಡ ಕಾದಂಬರಿಯೊಂದು 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದಾಗ ಪ್ರಕಾಶಕರು ವಿಧಿಸಿದ ಗಾತ್ರದ ಮಿತಿಗೆ ಒಗ್ಗಿಸಲು ಅದರ ಸಾವಿರಾರು ಶಬ್ದಗಳನ್ನು ಬಿಡಲಾಯಿತು. ಇಂಗ್ಲಿಷ್ ಅನುವಾದವೂ ಮನುಷ್ಯರ ಕೆಲಸ. ಕಾಲದ, ಮಾರುಕಟ್ಟೆಯ, ಕಾನೂನಿನ ಒತ್ತಡಗಳಿಗೆ ಅದೂ ಒಳಪಟ್ಟದ್ದು.

ಇದನ್ನು ಇಂಗ್ಲಿಷ್ ಜನರೇ ಚೆನ್ನಾಗಿ ಬಲ್ಲರು. ಗಾರ್ನೆಟ್ಟಳ ಅನುವಾದ ಕೈಯಲ್ಲಿದ್ದರೂ ಮೋಡ್ ದಂಪತಿಗಳು ‘ಯುದ್ಧ ಮತ್ತು ಶಾಂತಿ’ಯನ್ನು ಮತ್ತೆ ಅನುವಾದಿಸಿದರು, 1957ರಲ್ಲಿ ರೋಸ್‌ಮೆರಿ ಎಡ್ಮಂಡ್ಸ್, 2005ರಲ್ಲಿ ಆಂಟನಿ ಬ್ರಿಗ್ಸ್, 2007ರಲ್ಲಿ ಪೆವಿಯರ್ ಮತ್ತು ವೊಲೊಖಾನ್‌ಸ್ಕಿ ದಂಪತಿಗಳು ಅದೇ ಕೆಲಸವನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರು. ಯಾವ ಅನುವಾದವೂ ಕೊನೆಯದಲ್ಲವೆಂದೂ, ಪ್ರತಿ ತಲೆಮಾರೂ ಮಹಾಕೃತಿಯನ್ನು ತನ್ನ ಮಾತಿನಲ್ಲಿ ಹೊಸದಾಗಿ ಪಡೆಯಬೇಕೆಂದೂ ತಿಳಿದ ಜನದ ನಡವಳಿಕೆ ಇದು. ಇಂಗ್ಲಿಷಿನವರಿಗೇ ಅಂತಿಮವಲ್ಲದ ಪಾಠವನ್ನು ಕನ್ನಡಿಗರಾದ ನಾವು ಅಂತಿಮವೆಂದು ತಲೆಯ ಮೇಲೆ ಹೊತ್ತಿರುವುದು ವಿವೇಕವಲ್ಲ.

ಎರಡನೆಯ ಕಾರಣಕ್ಕೆ ಬರೋಣ. ಅನುವಾದದ ಅನುವಾದವೆಂದ ಮಾತ್ರಕ್ಕೆ ಜೀವ ಹೋಗುತ್ತದೆಯೆ? ಕಥಾಸಾಹಿತ್ಯದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ನಮ್ಮ ದೇಶದ ಪಂಚತಂತ್ರವೇ ಉತ್ತರ ಹೇಳುತ್ತದೆ. ಆರನೆಯ ಶತಮಾನದಲ್ಲಿ ಪಾರಸಿಕ ದೊರೆ ಅನುಶಿರವಾನನ ವೈದ್ಯ ಬುರ್ಜೋಯ್ ಅದನ್ನು ಪಹ್ಲವಿಗೆ ತಂದನು, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಪಹ್ಲವಿಯಿಂದ ಅರಬ್ಬಿಗೆ ತಂದನು, ಅರಬ್ಬಿಯಿಂದ ಹೀಬ್ರೂ, ಹೀಬ್ರೂವಿನಿಂದ ಲ್ಯಾಟಿನ್, ಮುಂದೆ ಯೂರೋಪಿನ ದೇಶಭಾಷೆಗಳು, 1570ರಲ್ಲಿ ಇಂಗ್ಲಿಷ್. ಇಷ್ಟು ಕೈ ಬದಲಾದರೂ ಆ ಕಥೆಗಳು ಸಾಯಲಿಲ್ಲ. ಇಷ್ಟು ಕೈ ಬದಲಾದುದರಿಂದಲೇ ಬದುಕಿದವು. ಏಕೆಂದರೆ ಪಹ್ಲವಿಯ ಆ ಪಾಠ ಇಂದು ಇಲ್ಲ. ಬುರ್ಜೋಯ್ ಮುಂದಿಟ್ಟುಕೊಂಡ ಸಂಸ್ಕೃತ ಗ್ರಂಥವೂ ಇಲ್ಲ. ಗುಣಾಢ್ಯನ ಬೃಹತ್ಕಥೆಯ ಗತಿಯೂ ಇದೇ: ಪೈಶಾಚಿಯ ಮೂಲ ನಷ್ಟವಾಗಿದೆ, ಕ್ಷೇಮೇಂದ್ರ, ಸೋಮದೇವರ ಸಂಸ್ಕೃತ ರೂಪಗಳಿಂದ ನಾವು ಅದನ್ನು ಅರಿಯುತ್ತೇವೆ. ಮೂಲವೇ ಸರ್ವಸ್ವ, ಉಳಿದುದೆಲ್ಲ ಛಾಯೆ ಎನ್ನುವವರು ಮೂಲಗಳು ಅಳಿದು ಛಾಯೆಗಳೇ ದೇಹವಾಗಿ ನಿಂತ ಈ ಗ್ರಂಥಗಳ ಮುಂದೆ ಏನು ಹೇಳುವರು?

ಪ್ರಾಚೀನವನ್ನು ಬಿಟ್ಟು ಈಚೆಗೆ ಬಂದರೂ ಸಾಕ್ಷ್ಯ ಬದಲಾಗುವುದಿಲ್ಲ. 1827ರ ಜನವರಿ 31ರಂದು ಜರ್ಮನಿಯ ಮಹಾಕವಿ ಗೋಯ್ತೆ ತನ್ನ ಕಾರ್ಯದರ್ಶಿ ಎಕರ್ಮನ್ನನಿಗೆ ವಿಶ್ವಸಾಹಿತ್ಯದ ಯುಗ ಬರುತ್ತಿದೆಯೆಂದು ಹೇಳಿದ್ದು ಚೀನಾದ ಕಾದಂಬರಿಯೊಂದನ್ನು ಓದಿದ ಸಂದರ್ಭದಲ್ಲಿ. ಗೋಯ್ತೆ ಅದನ್ನು ಓದಿದ್ದು ಯೂರೋಪಿನ ಭಾಷೆಯ ಅನುವಾದದಲ್ಲಿ. ಅವನನ್ನು ಅಷ್ಟು ಸೆಳೆದ ಶಾಕುಂತಲವೂ ವಿಲಿಯಂ ಜೋನ್ಸ್ 1789ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನು ಆಧರಿಸಿ ಗೆಯೋರ್ಗ್ ಫಾರ್ಸ್ಟರ್ 1791ರಲ್ಲಿ ಮಾಡಿದ ಜರ್ಮನ್ ಅನುವಾದ. ಎಂದರೆ, ವಿಶ್ವಸಾಹಿತ್ಯವೆಂಬ ಭಾವನೆಯನ್ನು ಲೋಕದಲ್ಲಿ ಹರಡಿದ ಆ ಮಹಾಪುರುಷನ ಕಾಳಿದಾಸಪರಿಚಯವು ನಮ್ಮವರು ತಾತ್ಸಾರದಿಂದ ಕಾಣುವ ಅನುವಾದದ ಅನುವಾದದಿಂದಲೇ ಆದದ್ದು. ನಮ್ಮ ನೆರೆಯ ಕೇರಳವನ್ನೇ ನೋಡಬಹುದು. ನಾಲಪ್ಪಾಟ್ ನಾರಾಯಣ ಮೇನೋನ್ ಅವರು 1925ರಲ್ಲಿ ವಿಕ್ಟರ್ ಹ್ಯೂಗೋನ ‘ಲೆ ಮಿಸೆರಾಬ್ಲ’ವನ್ನು ‘ಪಾವಙ್ಙಳ್’ ಎಂಬ ಹೆಸರಿನಿಂದ ಮಲಯಾಳಕ್ಕೆ ತಂದದ್ದು ಫ್ರೆಂಚಿನಿಂದಲ್ಲ, ಇಂಗ್ಲಿಷಿನಿಂದ. ಆದರೂ ಆ ಗ್ರಂಥವು ಮಲಯಾಳದ ಗದ್ಯಕ್ಕೆ ಹೊಸ ನಡೆಯನ್ನೂ ಅಲ್ಲಿನ ತರುಣರ ಸಾಮಾಜಿಕ ಪ್ರಜ್ಞೆಗೆ ಹೊಸ ಎಚ್ಚರವನ್ನೂ ತಂದಿತೆಂದು ಆ ಸಾಹಿತ್ಯದ ಚರಿತ್ರಕಾರರು ಹೇಳುತ್ತಾರೆ. ನೇರವಾದ ಅನುವಾದ ಶ್ರೇಷ್ಠವೆಂಬುದರಲ್ಲಿ ನನಗೂ ಸಂದೇಹವಿಲ್ಲ. ರಷ್ಯನ್, ಜಪಾನಿ, ಸ್ಪ್ಯಾನಿಷ್ ಬಲ್ಲ ಕನ್ನಡಿಗರು ಹೆಚ್ಚಬೇಕು, ಅವರಿಗೆ ಈ ಕೆಲಸ ಒಪ್ಪಿಸಬೇಕು. ಆದರೆ ಶ್ರೇಷ್ಠವಾದದ್ದು ಕೈಗೆ ಬರುವವರೆಗೆ ಸಾಧ್ಯವಾದದ್ದನ್ನು ಮಾಡಬಾರದೆಂಬ ವಾದಕ್ಕೆ ಬುಡವಿಲ್ಲ.

ಮೂರನೆಯ ಕಾರಣ, ಕನ್ನಡದ ಅಸಾಮರ್ಥ್ಯವೆಂಬುದು, ನಮ್ಮ ಸಾಹಿತ್ಯದ ಚರಿತ್ರೆಯನ್ನು ಮರೆತವರು ಮಾತ್ರ ಆಡಬಹುದಾದ ಮಾತು. ಇಂದು ಇಂಗ್ಲಿಷಿಗೆ ನಮ್ಮಲ್ಲಿರುವ ಸ್ಥಾನ ಒಂದು ಸಾವಿರ ವರ್ಷಗಳ ಹಿಂದೆ ಸಂಸ್ಕೃತಕ್ಕೆ ಇತ್ತು. ವಿದ್ವತ್ತಿನ ಭಾಷೆ ಅದು, ದೇಶದೇಶಗಳಲ್ಲಿ ನಡೆಯುವ ಭಾಷೆ ಅದು, ಕಾವ್ಯವನ್ನು ಓದಬಲ್ಲವರೆಲ್ಲ ಬಲ್ಲ ಭಾಷೆಯೂ ಅದೇ. ಬಾಣಭಟ್ಟನ ಕಾದಂಬರಿಯನ್ನು ಓದಬೇಕೆನ್ನುವವನು ಸಂಸ್ಕೃತದಲ್ಲಿಯೇ ಓದಲಿ ಎಂದು ಹತ್ತನೆಯ ಶತಮಾನದ ನಾಗವರ್ಮ ಕೈಕಟ್ಟಿ ಕುಳಿತಿದ್ದರೆ ‘ಕರ್ಣಾಟಕ ಕಾದಂಬರಿ’ ನಮಗೆ ದೊರೆಯುತ್ತಿತ್ತೆ? ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ ವಸುಭಾಗನ ಪಂಚತಂತ್ರವನ್ನು 1031ರ ಸುಮಾರಿಗೆ ಕನ್ನಡಿಸಿದ್ದು ಸಂಸ್ಕೃತ ಬಾರದವರ ಮೇಲಿನ ಕರುಣೆಯಿಂದಲೆ? ಅವನ ಓದುಗರಲ್ಲಿ ಎಷ್ಟೋ ಮಂದಿ ಉಭಯಭಾಷಾವಿಶಾರದರು. ಅದಕ್ಕೂ ಮೊದಲು ದಂಡಿಯ ಕಾವ್ಯಾದರ್ಶವನ್ನು ಮುಂದಿಟ್ಟುಕೊಂಡು ಹೊರಟ ‘ಕವಿರಾಜಮಾರ್ಗ’ ಕನ್ನಡದ ನಾಡನ್ನೂ ನುಡಿಯನ್ನೂ ಕುರಿತ ನಮ್ಮ ಮೊದಲ ಮಹತ್ತಾದ ವಿಚಾರವಾಗಿ ಪರಿಣಮಿಸಿತು. ದೊಡ್ಡ ಭಾಷೆಯ ದೊಡ್ಡ ಕೃತಿಗೆ ಮುಖಾಮುಖಿಯಾಗಿ ನಿಂತು, ಇದನ್ನು ನನ್ನ ಮಾತಿನಲ್ಲಿ ಆಡುವೆನು ಎಂಬ ಛಲದಿಂದಲೇ ಕನ್ನಡವು ದೊಡ್ಡ ಭಾಷೆಯಾಯಿತು. ಆ ಛಲವನ್ನು ಬಿಟ್ಟುಕೊಡಿರೆಂದು ನಮ್ಮ ವಿದ್ಯಾವಂತರು ಇಂದು ಪರೋಕ್ಷವಾಗಿ ಉಪದೇಶಿಸುತ್ತಿದ್ದಾರೆ.

ಅಷ್ಟೇ ಅಲ್ಲ, ಯೂರೋಪಿನ ಕಾದಂಬರಿಯ ಕೆಲವು ಗುಣಗಳನ್ನು ಹಿಡಿಯಲು ಕನ್ನಡವು ಇಂಗ್ಲಿಷಿಗಿಂತ ಸಮರ್ಥವೆಂದು ನಾನು ಪ್ರತಿಜ್ಞಾಪೂರ್ವಕವಾಗಿ ಹೇಳಬಲ್ಲೆ. ರಷ್ಯನ್ ಭಾಷೆಯಲ್ಲಿ ಎದುರಿನವರನ್ನು ಸಂಬೋಧಿಸುವಾಗ ಏಕವಚನ ಬಹುವಚನಗಳ ಭೇದವುಂಟು; ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿಯೂ ಅಂಥದೇ ಭೇದವುಂಟು; ನೀನು, ನೀವು ಎಂದು ಬೇರ್ಪಡಿಸುವ ಕನ್ನಡಕ್ಕೆ ಅದು ಉಸಿರಾಟದಷ್ಟು ಸಹಜ. ಇಂದಿನ ಇಂಗ್ಲಿಷಿನಲ್ಲಿ ಆ ಭೇದವೇ ಉಳಿದಿಲ್ಲ. ‘ಅನ್ನಾ ಕರೆನಿನಾ’ದಲ್ಲಿ ಈ ಭೇದದ ಮೇಲೆಯೇ ನಿಂತ ಸನ್ನಿವೇಶಗಳುಂಟು. ಅನ್ನಾಳ ಪ್ರಿಯಕರ ವ್ರಾನ್‌ಸ್ಕಿ ಅವಳೊಡನೆ ಮಾತನಾಡುವಾಗ ಫ್ರೆಂಚಿಗೆ ತಿರುಗುತ್ತಾನೆ: ರಷ್ಯನ್ ಬಹುವಚನ ಅವರ ನಡುವೆ ಸಹಿಸಲಾಗದಷ್ಟು ತಣ್ಣಗಾಗುತ್ತದೆ, ಏಕವಚನ ಅಪಾಯಕರವಾಗುತ್ತದೆ. ಹೆಂಡತಿಯ ಅಪರಾಧವನ್ನು ಅವಳ ಬಾಯಿಂದಲೇ ಕೇಳಿದ ಅನ್ನಾಳ ಗಂಡ ಕರೆನಿನ್ ಅವಳಿಗೆ ಕಾಗದ ಬರೆಯುವಾಗ ಫ್ರೆಂಚ್ ಬಹುವಚನವನ್ನೇ ಆಶ್ರಯಿಸುತ್ತಾನೆ, ಅದರಲ್ಲಿ ರಷ್ಯನ್ ಬಹುವಚನದ ನಿಷ್ಠುರತೆ ಇಲ್ಲವೆಂದು. ಇಂಗ್ಲಿಷ್ ಓದುಗನಿಗೆ ಇದು ವಿವರಣೆಯಿಂದ ತಿಳಿಯಬೇಕಾದ ವಿಷಯ. ಗಂಡಹೆಂಡಿರ ನಡುವಣ ಏಕವಚನ ಬಹುವಚನಗಳಲ್ಲಿ ಎಷ್ಟು ಸಂಸಾರಗಳ ಸುಖದುಃಖ ಅಡಗಿರುತ್ತದೆಯೆಂದು ಬಲ್ಲ ಕನ್ನಡ ಓದುಗನಿಗೆ ಇದು ಹೃದಯಕ್ಕೆ ನೇರವಾಗಿ ನಾಟುವ ವಿಷಯ.

ಬಂಧುತ್ವದ ಮಾತೂ ಹೀಗೆಯೇ. ಆ ಕಾದಂಬರಿಯಲ್ಲಿ ಲೆವಿನ್‌ನಿಗೂ ಓಬ್ಲಾನ್‌ಸ್ಕಿಗೂ ಇರುವ ಸಂಬಂಧ ಒಂದು, ಕರೆನಿನ್‌ನಿಗೂ ಓಬ್ಲಾನ್‌ಸ್ಕಿಗೂ ಇರುವ ಸಂಬಂಧ ಮತ್ತೊಂದು. ಇಂಗ್ಲಿಷ್ ಎರಡನ್ನೂ ಒಂದೇ ಶಬ್ದದಲ್ಲಿ ಕಟ್ಟಿಹಾಕುತ್ತದೆ. ಅಕ್ಕತಂಗಿಯರನ್ನು ಮದುವೆಯಾದ ಮೊದಲಿನಿಬ್ಬರು ಷಡ್ಡಕರು; ಎರಡನೆಯ ಜೋಡಿ ಭಾವಮೈದುನರು; ಓಬ್ಲಾನ್‌ಸ್ಕಿಯ ಹೆಂಡತಿ ಡಾಲಿಗೆ ಅನ್ನಾ ನಾದಿನಿ. ಗಂಡನ ದ್ರೋಹದಿಂದ ನೊಂದ ಡಾಲಿಯನ್ನು ಸಮಾಧಾನಪಡಿಸಲು ಬಂದವಳು ಆ ಗಂಡನ ತಂಗಿ ಎಂಬುದರ ಕಷ್ಟವೂ ಸೂಕ್ಷ್ಮವೂ ನಾದಿನಿ ಎಂಬ ಸಂಬಂಧದ ಭಾರವನ್ನು ಅನುಭವದಿಂದ ಅರಿತ ನಾಡಿನಲ್ಲಿ ಇನ್ನಷ್ಟು ಆಳವಾಗಿ ಇಳಿಯುತ್ತದೆ. ಜಮೀನು, ಒಕ್ಕಲು, ಸಾಲ, ಒಡೆಯನಿಗೂ ಆಳಿಗೂ ನಡುವಣ ಸಂಕೋಚ, ಹುಲ್ಲುಕೊಯ್ಲಿನ ಸಾಲಿನಲ್ಲಿ ರೈತರೊಡನೆ ಬೆವರುವ ಯಜಮಾನ: ಈ ಲೋಕವನ್ನು ವರ್ಣಿಸಲು ನಗರದ ಇಂಗ್ಲಿಷಿಗಿಂತ ಮಲೆನಾಡಿನ, ಬಯಲುಸೀಮೆಯ ಕನ್ನಡದಲ್ಲಿ ಜೀವಂತವಾದ ನುಡಿ ಹೇರಳವಾಗಿದೆ. ‘ಕಾನೂರು ಹೆಗ್ಗಡಿತಿ’, ‘ಮರಳಿ ಮಣ್ಣಿಗೆ’, ‘ಮಲೆಗಳಲ್ಲಿ ಮದುಮಗಳು’ ಇವನ್ನು ಹಡೆದ ಭಾಷೆ ರಷ್ಯದ ಹಳ್ಳಿಯನ್ನು ವರ್ಣಿಸಲಾರದೆಂಬ ಮಾತನ್ನು ಯಾರು ನಂಬಿಯಾರು?

ನಾಲ್ಕನೆಯ ಕಾರಣ ಇವೆಲ್ಲಕ್ಕಿಂತ ಹೆಚ್ಚು ನೋವುಂಟುಮಾಡುವಂಥದು. ಓದಬಯಸುವವರಿಗೆಲ್ಲ ಇಂಗ್ಲಿಷ್ ಬರುತ್ತದೆಯೆಂದರೆ, ಇಂಗ್ಲಿಷ್ ಬಾರದವರಿಗೆ ಓದುವ ಬಯಕೆಯೇ ಇಲ್ಲವೆಂದು ಹೇಳಿದಂತಾಯಿತು. ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕ ಪ್ರಕಾಶನ 1980ರ ದಶಕದ ಆರಂಭದಲ್ಲಿ ಹೊರತಂದ ‘ವಿಶ್ವಕಥಾಕೋಶ’ದ 25 ಸಂಪುಟಗಳು ಈ ಮಾತನ್ನು ಸುಳ್ಳಾಗಿಸಿವೆ. ನಾನಾ ಖಂಡಗಳ ಕಥೆಗಳನ್ನು ಕನ್ನಡಕ್ಕೆ ತಂದ ಆ ಮಾಲೆಯ ಮುಖಾಂತರವೇ ಲೋಕದ ಸಾಹಿತ್ಯವನ್ನು ಮೊದಲು ಕಂಡ ಶಾಲಾಮಾಸ್ತರರು, ಗುಮಾಸ್ತರು, ಕೃಷಿಕರು, ಗೃಹಿಣಿಯರು ಈ ನಾಡಿನಲ್ಲಿ ಉಂಟು. ಫ್ರೆಂಚ್ ಸೆರೆಯಾಳಾಗಿದ್ದ ಹೆನ್ರಿ ಶಾರಿಯೇರನ ‘ಪ್ಯಾಪಿಲಾನ್’ ಕೃತಿಯನ್ನು ಪ್ರದೀಪ ಕೆಂಜಿಗೆ ಮತ್ತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಾಗ ಅದು ಹಳ್ಳಿಯ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ಹೋಯಿತು. ಎ.ಎನ್. ಪ್ರಸನ್ನ ಅವರು ಮಾರ್ಕ್ವೆಜ್‌ನನ್ನೂ, ಸಿ. ನಾಗಣ್ಣ ಅವರು ನೈಜೀರಿಯದ ಚಿನುವ ಅಚಿಬೆಯನ್ನೂ, ಓ.ಎಲ್. ನಾಗಭೂಷಣಸ್ವಾಮಿಯವರು ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಂಥ ಮಹಾಕಾಯದ ಕೃತಿಯನ್ನೂ ಕನ್ನಡಕ್ಕೆ ತಂದಿದ್ದಾರೆ. ಇಂಥ ಶ್ರಮವನ್ನು ಇಂಗ್ಲಿಷ್ ಬಾರದವರಿಗೆ ಕೊಟ್ಟ ಭಿಕ್ಷೆಯೆಂದು ಕರೆಯುವುದು ಅನುವಾದಕನಿಗೂ ಅಪಮಾನ, ಓದುಗನಿಗೂ ಅಪಮಾನ.

ಇನ್ನು ಇಂಗ್ಲಿಷ್ ಬಲ್ಲವರಿಗೂ ಕನ್ನಡದ ಅನುವಾದ ಅವಶ್ಯವೆಂಬುದನ್ನು ಹೇಳದೆ ಈ ವಾದ ಪೂರ್ಣವಾಗದು. ಒಬ್ಬ ವ್ಯಕ್ತಿಯ ಓದಿನಿಂದ ಒಬ್ಬ ವ್ಯಕ್ತಿ ಬೆಳೆಯಬಹುದು. ಅನುವಾದದಿಂದ ಭಾಷೆಯೇ ಬೆಳೆಯುತ್ತದೆ. ಜಪಾನಿನ ಫುತಾಬಾತೆಯ್ ಶಿಮೆಯ್ ರಷ್ಯನ್ ಕಲಿತು 1888ರಲ್ಲಿ ತುರ್ಗೆನೆವ್‌ನ ಕಥೆಯನ್ನು ಆಡುಮಾತಿಗೆ ಹತ್ತಿರವಾದ ಜಪಾನಿಯಲ್ಲಿ ಬರೆದಾಗ ಆ ದೇಶದ ಗದ್ಯದ ಹಾದಿಯೇ ತಿರುಗಿತು; ಆ ವರ್ಷಗಳಲ್ಲಿಯೇ ಆತ ಬರೆದ ಕಾದಂಬರಿಯನ್ನು ಜಪಾನಿನ ಮೊದಲ ಆಧುನಿಕ ಕಾದಂಬರಿಯೆಂದು ಗಣಿಸುತ್ತಾರೆ. ದಾಸ್ತೊಯೆವ್‌ಸ್ಕಿಯ ಹೆಸರಿನ ಹಿಂದೆಯೂ ಅನುವಾದವೇ ಇದೆ: 1844ರಲ್ಲಿ ಅಚ್ಚಾದ ಅವನ ಮೊದಲ ಕೆಲಸ ಬಾಲ್ಜಾಕನ ಕಾದಂಬರಿಯೊಂದರ ರಷ್ಯನ್ ರೂಪ. ತುರ್ಕಿಯಲ್ಲಿ ಶಿಕ್ಷಣಮಂತ್ರಿ ಹಸನ್ ಅಲಿ ಯುಜೆಲ್ 1940ರಲ್ಲಿ ಸರ್ಕಾರದ ಅನುವಾದ ಕಚೇರಿಯನ್ನು ತೆರೆದು ಕೆಲವೇ ವರ್ಷಗಳಲ್ಲಿ ನೂರಾರು ಮಹಾಕೃತಿಗಳನ್ನು ತುರ್ಕಿ ಭಾಷೆಗೆ ತರಿಸಿದನು. ಫ್ರೆಂಚ್ ಬಲ್ಲ ವಿದ್ಯಾವಂತರು ಆ ದೇಶದಲ್ಲಿ ಇರಲಿಲ್ಲವೆಂದೇನೂ ಅಲ್ಲ. ತುರ್ಕಿ ಭಾಷೆ ಬೆಳೆಯಬೇಕೆಂಬ ಹಟ ಅದರ ಹಿಂದೆ ಇತ್ತು.

ನಮ್ಮ ಕಾದಂಬರಿಯ ಜನ್ಮವೃತ್ತಾಂತವೂ ಬೇರೆಯಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು ಈಶ್ವರಚಂದ್ರ ವಿದ್ಯಾಸಾಗರರ ಕೃತಿಯನ್ನೂ, 1885ರಲ್ಲಿ ‘ದುರ್ಗೇಶನಂದಿನಿ’ಯಿಂದ ತೊಡಗಿ ಬಂಕಿಮಚಂದ್ರರ ಕಾದಂಬರಿಗಳನ್ನೂ ಕನ್ನಡಿಸಿದರು, ಉತ್ತರ ಕರ್ನಾಟಕದಲ್ಲಿ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರನ್ನು ತಂದರು. ಗುಲ್ವಾಡಿ ವೆಂಕಟರಾಯರ ಸ್ವತಂತ್ರ ಕಾದಂಬರಿ ‘ಇಂದಿರಾಬಾಯಿ’ ಬಂದದ್ದು ವೆಂಕಟಾಚಾರ್ಯರ ‘ದುರ್ಗೇಶನಂದಿನಿ’ಯ ಬಳಿಕ, 1899ರಲ್ಲಿ. ದೀರ್ಘವಾದ ಗದ್ಯಕಥೆಯನ್ನು ಕುಳಿತು ಓದುವ ಓದುಗರನ್ನೇ ಈ ಅನುವಾದಕರು ಮೊದಲು ಸೃಷ್ಟಿಸಿದರು. ಸ್ವತಂತ್ರ ಕಾದಂಬರಿ ಆ ಓದುಗರ ನಡುವೆ ಬೆಳೆಯಿತು. ಇಲ್ಲಿ ಗಮನಿಸತಕ್ಕದ್ದೆಂದರೆ ವೆಂಕಟಾಚಾರ್ಯರು ಇಂಗ್ಲಿಷಿನ ಅಪ್ಪಣೆಗಾಗಿ ಕಾಯಲಿಲ್ಲ. ನೆರೆಯ ಭಾಷೆಯನ್ನು ನೆರೆಯವರಂತೆ ಕಲಿತರು. ಮುಂದೆ ಎ.ಆರ್. ಕೃಷ್ಣಶಾಸ್ತ್ರಿಗಳೂ ಅಹೋಬಲ ಶಂಕರರೂ ಅದೇ ದಾರಿಯಲ್ಲಿ ನಡೆದರು. ಆ ದಾರಿ ಇಂದು ಕಿರಿದಾಗುತ್ತಿದೆಯೆಂಬುದು ನನ್ನ ಚಿಂತೆ: ನೆರೆಯ ಮಲಯಾಳದ, ತಮಿಳಿನ, ತೆಲುಗಿನ, ಮರಾಠಿಯ ಕಾದಂಬರಿಯನ್ನೂ ಅದು ಇಂಗ್ಲಿಷಿನಲ್ಲಿ ಬಂದು ಪ್ರಶಸ್ತಿ ಪಡೆದ ಮೇಲೆ ಮಾತ್ರ ನಾವು ಕಣ್ಣೆತ್ತಿ ನೋಡುವ ಸ್ಥಿತಿ ಬಂದಿದೆ.

ಕನ್ನಡದ ಅನುವಾದಗಳಲ್ಲಿ ಹಲವು ಕೆಟ್ಟವೆಂದು ಹೇಳುವವರಿಗೆ ನನ್ನ ಉತ್ತರ ಇಷ್ಟು: ಹೌದು, ಕೆಟ್ಟವು ಉಂಟು. ಇಂಗ್ಲಿಷ್ ವಾಕ್ಯದ ಬೆನ್ನುಮೂಳೆಯನ್ನೇ ಕನ್ನಡದ ಮಾಂಸದಲ್ಲಿ ಉಳಿಸಿದ ಅನುವಾದಗಳಿವೆ; ಅವಸರದಲ್ಲಿ ಮಾಡಿದವು, ಅರ್ಥಮಾಡಿಕೊಳ್ಳದೆ ಮಾಡಿದವು ಇವೆ. ಆದರೆ ಒಂದು ಜನ ಯಾವ ಕೆಲಸವನ್ನು ಕೀಳೆಂದು ಬಗೆಯುವುದೋ ಆ ಕೆಲಸ ಕೀಳಾಗಿಯೇ ಆಗುತ್ತದೆ. ಗೌರವವಿಲ್ಲದ ಕಡೆ ಪ್ರತಿಭೆ ನಿಲ್ಲುವುದಿಲ್ಲ. ಪರಿಶೀಲನೆಯಿಲ್ಲದ ಕಡೆ ಪ್ರಮಾದ ತಿದ್ದಿಕೊಳ್ಳುವುದಿಲ್ಲ. ನಮ್ಮ ಪತ್ರಿಕೆಗಳು ಅನುವಾದಿತ ಕಾದಂಬರಿಯನ್ನು ವಿಮರ್ಶಿಸುವಾಗ ಕಥೆಯ ಸಾರಾಂಶವನ್ನೂ ಮೂಲಲೇಖಕನ ಕೀರ್ತಿಯನ್ನೂ ಹೇಳಿ, ಅನುವಾದಕನ ಕನ್ನಡದ ಬಗ್ಗೆ ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಆ ಕನ್ನಡ ಎಲ್ಲಿ ನಡೆಯಿತು, ಎಲ್ಲಿ ಕುಂಟಿತು ಎಂಬ ವಿಚಾರವೇ ಬರುವುದಿಲ್ಲ. ದೋಷವನ್ನು ಹುಟ್ಟಿಸಿದ ತಾತ್ಸಾರವೇ ಆ ದೋಷವನ್ನು ತನ್ನ ಸಮರ್ಥನೆಗೆ ಸಾಕ್ಷಿಯಾಗಿ ಕರೆಯುವುದು ನ್ಯಾಯಾಲಯದಲ್ಲಿ ಒಪ್ಪಿಗೆಯಾಗದ ವಾದ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ಕನ್ನಡಿಗರೆಲ್ಲರೂ ಹಿಗ್ಗಿದರು, ಹಿಗ್ಗಬೇಕಾದದ್ದೇ. ಆ ಪ್ರಶಸ್ತಿಯ ಹಣವನ್ನು ಲೇಖಕಿಯೂ ಅನುವಾದಕಿಯೂ ಸಮಸಮನಾಗಿ ಹಂಚಿಕೊಳ್ಳುವ ನಿಯಮದಲ್ಲಿ ಅನುವಾದಕ್ಕೆ ಸಂದ ಗೌರವವಿದೆ, ಅದನ್ನೂ ನಾವು ಕಲಿಯಬೇಕು. ಆದರೆ ಆ ಸಂತೋಷದ ಬೆನ್ನಿಗೇ ನಮ್ಮ ಹಳೆಯ ಅಭಿಪ್ರಾಯ ಹೊಸ ವೇಷದಲ್ಲಿ ಬಂದು ನಿಂತಿದೆ: ಕನ್ನಡದ ಕೃತಿ ಇಂಗ್ಲಿಷಿಗೆ ಹೋದರೆ ಮಾತ್ರ ವಿಶ್ವಸಾಹಿತ್ಯ, ಆದುದರಿಂದ ನಮ್ಮ ಶಕ್ತಿಯೆಲ್ಲ ಆ ದಿಕ್ಕಿಗೇ ಹರಿಯಲಿ ಎಂದು. ತೂಬು ಮಾತ್ರ ತೆರೆದು ಒಳಗಾಲುವೆಯನ್ನು ಮುಚ್ಚಿಬಿಟ್ಟ ಕೆರೆಯಲ್ಲಿ ಎಷ್ಟು ದಿನ ನೀರು ನಿಂತೀತು? ಲೋಕಕ್ಕೆ ಕೊಡುವ ಭಾಷೆ ಲೋಕದಿಂದ ಪಡೆಯಲೂ ಬೇಕು. ಪಡೆಯುವುದು ನಿಂತ ದಿನ ಕೊಡಲು ಏನೂ ಉಳಿಯುವುದಿಲ್ಲ.

ಆದಕಾರಣ ನಾವು ಮಾಡಬೇಕಾದದ್ದು ಸ್ಪಷ್ಟವಾಗಿದೆ. ವಿಶ್ವವಿದ್ಯಾನಿಲಯಗಳ ಕನ್ನಡ ತರಗತಿಗಳಲ್ಲಿ ಅನುವಾದಿತ ಕಾದಂಬರಿಯು ಕನ್ನಡ ಸಾಹಿತ್ಯದ ಅಂಗವಾಗಿ ಪಾಠವಾಗಬೇಕು. ನಾಗವರ್ಮನನ್ನು ಓದುವ ತರಗತಿಯಲ್ಲಿ ವೆಂಕಟಾಚಾರ್ಯರಿಗೂ ಅವರ ಇಂದಿನ ಉತ್ತರಾಧಿಕಾರಿಗಳಿಗೂ ಸ್ಥಾನವಿರಬೇಕು. ಕುವೆಂಪು ಭಾಷಾಭಾರತಿ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿ ಮೊದಲಾದ ಸಂಸ್ಥೆಗಳು ರಷ್ಯನ್, ಚೀನಿ, ಅರಬ್ಬಿ, ಸ್ಪ್ಯಾನಿಷ್ ಕಲಿಯಲು ಸಿದ್ಧರಾದ ತರುಣ ಕನ್ನಡಿಗರಿಗೆ ವರ್ಷಗಟ್ಟಲೆ ಆಧಾರವಾಗಿ ನಿಲ್ಲಬೇಕು. ಹಳೆಯ ಅನುವಾದಗಳು ತಪ್ಪು ತಿದ್ದಿ ಮತ್ತೆ ಅಚ್ಚಾಗಬೇಕು. ಪ್ರಕಾಶಕರು ಅನುವಾದಕನ ಹೆಸರನ್ನು ಮುಖಪುಟದಲ್ಲಿ ಮೂಲಲೇಖಕನ ಹೆಸರಿನ ಪಕ್ಕದಲ್ಲಿ ಅಚ್ಚಿಸಬೇಕು. ವಿಮರ್ಶಕರು ಅನುವಾದದ ಕನ್ನಡವನ್ನು ಸ್ವತಂತ್ರ ಕೃತಿಯ ಕನ್ನಡದಷ್ಟೇ ಗಂಭೀರವಾಗಿ ಒರೆಗೆ ಹಚ್ಚಬೇಕು. ಎಲ್ಲಕ್ಕಿಂತ ಮೊದಲು, ಇಂಗ್ಲಿಷನ್ನು ಚೆನ್ನಾಗಿ ಬಲ್ಲ ಕನ್ನಡಿಗರು ಟಾಲ್‌ಸ್ಟಾಯ್‌ನನ್ನು ಕನ್ನಡದಲ್ಲಿ ಓದಲು ತೊಡಗಬೇಕು, ಆ ಓದಿನ ಬಗ್ಗೆ ನಾಲ್ಕು ಜನರ ಮುಂದೆ ಮಾತನಾಡಬೇಕು. ಓದುಗನು ಗೌರವಿಸಿದ ದಿನ ಅನುವಾದಕನು ತಲೆಯೆತ್ತುತ್ತಾನೆ. ಅನುವಾದಕನು ತಲೆಯೆತ್ತಿದ ಭಾಷೆಗೆ ಲೋಕದ ಯಾವ ಕಾದಂಬರಿಯೂ ಪರಕೀಯವಾಗಿ ಉಳಿಯದು.